ಮಣಿಹುಂಜದ ಜಾಗ

ಶೋಕೇಸಿನ ಗಾಜು ಸರಿಸುವಾಗ ಬರುವ ಸದ್ದೊಂದಿದೆ. ಗಾಜು ಓಡಾಡುವ ಮರದ ಸಂದಿಯಲ್ಲಿ ವರ್ಷದ ಧೂಳೆಲ್ಲ ಕೂತಿರುತ್ತದೆ. ಮೊದಲು ಕರಕರ ಎಂದು, ನಡುವೆ ಒಮ್ಮೆ ಹಟ ಹಿಡಿದು ನಿಂತು, ಇನ್ನಷ್ಟು ಒತ್ತಿದರೆ ಸರ್ರನೆ ಹೋಗಿ ಆಚೆ ತುದಿಗೆ ಟಕ್ ಎಂದು ಬಡಿಯುವ ಸದ್ದು ಅದು. ದೀಪಾವಳಿ ಹತ್ತಿರ ಬಂತೆನ್ನುವಾಗ ಸಿಂಧನೂರಿನ ಈ ಮನೆಯಲ್ಲಿ ನಾನೊಬ್ಬಳೇ ಚಾಪೆ ಹಾಕಿಕೊಂಡು ಕೂತು ಆ ಗಾಜು ಸರಿಸುತ್ತೇನೆ. ಹೊರಗೆ ರಸ್ತೆಯಲ್ಲಿ ಭತ್ತದ ಲಾರಿಗಳು ಹೋಗುತ್ತಿರುತ್ತವೆ, ಪಕ್ಕದ ಮನೆಯ ಟಿವಿ ಒದರುತ್ತಿರುತ್ತದೆ. ಗಾಜು ಆಚೆ ತುದಿಗೆ ಬಡಿದ ಕೂಡಲೇ ಡಾಂಬರು ಗುಳಿಗೆ, ಹಳೆಯ ಸಾಗವಾನಿ, ಹಿತ್ತಾಳೆಗೆ ಉಜ್ಜಿದ ಹುಣಸೆಹುಳಿ ಎಲ್ಲ ಸೇರಿದ ವಾಸನೆಯೊಂದು ಮುಖಕ್ಕೆ ಬರುತ್ತದೆ. ಅಷ್ಟು ಸಾಕು, ನಾನು ಬಳಗಾನೂರಿನ ನಡುಮನೆಯಲ್ಲಿರುತ್ತೇನೆ. ಎದುರಿಗೆ ನನ್ನ ಸೋದರತ್ತೆ ಶರಣಮ್ಮ ಸೆರಗನ್ನು ಸೊಂಟಕ್ಕೆ ಸಿಗಿಸಿ, ಮೋಂಬತ್ತಿಯ ತುಂಡಿನಿಂದ ಆ ಸಂದಿಯನ್ನು ಉಜ್ಜುತ್ತಿರುತ್ತಾಳೆ. ಮೇಣ ಹಚ್ಚಿದರೆ ಗಾಜು ತಡೆಯಿಲ್ಲದೆ ಓಡುತ್ತದೆ ಎಂಬುದು ಅವಳ ನಂಬಿಕೆ. ಅದು ಎಂದೂ ಹಾಗೆ ಓಡಲಿಲ್ಲ, ಅವಳೂ ಎಂದೂ ಉಜ್ಜುವುದನ್ನು ಬಿಡಲಿಲ್ಲ.

ನಿಮ್ಮ ಮನೆಯಲ್ಲೂ ಇಂಥದೊಂದು ಇದ್ದಿರಬೇಕು. ಬಂದವರ ಕಣ್ಣಿಗೆ ಬೀಳಲೆಂದೇ ನಡುಮನೆಯಲ್ಲಿಟ್ಟ, ಒಳಗಿದ್ದುದನ್ನು ಮನೆಯವರು ಮಾತ್ರ ಮುಟ್ಟುವಂತಿಲ್ಲದ ಗಾಜಿನ ಕಪಾಟು. ನಮ್ಮದು ಸೊಂಟದೆತ್ತರದ್ದು, ಮಸ್ಕಿಯ ಬಡಗಿಯೊಬ್ಬ ಮಾಡಿದ್ದು. ಒಳಗೆ ಎರಡು ಹಲಗೆ, ಹಿಂಬದಿಗೆ ಕನ್ನಡಿ. ಆ ಕನ್ನಡಿಯ ದೆಸೆಯಿಂದ ಇಟ್ಟ ಒಂದೊಂದು ಸಾಮಾನೂ ಎರಡೆರಡಾಗಿ ಕಂಡು ನಮ್ಮ ಶ್ರೀಮಂತಿಕೆ ಪುಕ್ಕಟೆಯಾಗಿ ಇಮ್ಮಡಿಯಾಗುತ್ತಿತ್ತು. ಮೇಲಿನ ಹಲಗೆಯ ನಡುವೆ ತಾತ ಶ್ರೀಶೈಲದಿಂದ ತಂದ ಹಿತ್ತಾಳೆಯ ಬಸವಣ್ಣ. ಅದರ ಎರಡು ಕಡೆ ಗುಲಾಬಿ ಹೂವಿನ ಚಿತ್ರದ ಕಪ್ಪು-ಬಸಿಗಳು. ಅವುಗಳಲ್ಲಿ ಚಹಾ ಕುಡಿದವರನ್ನು ನಾನು ಕಂಡಿಲ್ಲ. ಕೆಳಗಿನ ಹಲಗೆಯಲ್ಲಿ ಕಿವಿ ಮುರಿದ ಪಿಂಗಾಣಿ ನಾಯಿ, ಬಲ್ಬು ಹತ್ತದ ತಾಜ್‌ಮಹಲು, ಪ್ಲಾಸ್ಟಿಕ್ ಹೂ ತುಂಬಿದ ಹಸಿರು ಗಾಜಿನ ಹೂದಾನಿ, ಮಾತಾಡುವ ಹಾಗೆ ಬಾಯಿ ತೆರೆದ ಒಂದು ದೊಡ್ಡ ಶಂಖ. ಅದೇ ಹಲಗೆಯ ಬಲಗಡೆಯ ಕೊನೆಗೆ, ಒಂದು ಲೋಟ ಇಡುವಷ್ಟು ಜಾಗ ಖಾಲಿ. ಅಲ್ಲಿ ಇಣುಕಿದರೆ ಕನ್ನಡಿಯಲ್ಲಿ ನಮ್ಮ ಮುಖವೇ ಕಾಣುತ್ತಿತ್ತು.

ಆ ಜಾಗ ಮಣಿಹುಂಜದ್ದು. ಶೋಕೇಸು ಅತ್ತೆಯ ಮದುವೆಗೆಂದು ಮಾಡಿಸಿದ್ದು. ಆಗೆಲ್ಲ ಮದುವೆ ಗೊತ್ತಾದ ಹುಡುಗಿಯರು ಮಸ್ಕಿಯ ಸಂತೆಯಿಂದ ಬಣ್ಣದ ಮಣಿ ತಂದು, ನೈಲಾನ್ ದಾರಕ್ಕೆ ಪೋಣಿಸಿ, ಒಳಗೆ ಹತ್ತಿ ತುಂಬಿ ಗಿಣಿಯನ್ನೋ ನವಿಲನ್ನೋ ಮಾಡಿ ಗಂಡನ ಮನೆಗೆ ಒಯ್ಯುತ್ತಿದ್ದರು. ಹುಡುಗಿಯ ಕೈಗುಣ ಎಂಥದೆಂದು ಅಲ್ಲಿಯ ಹೆಂಗಸರು ಅದನ್ನು ತಿರುಗಿಸಿ ನೋಡುತ್ತಿದ್ದರು. ನಮ್ಮ ಅತ್ತೆ ಎಲ್ಲ ಬಿಟ್ಟು ಹುಂಜ ಮಾಡಿದಳು. ಕೆಂಪು ಜುಟ್ಟು, ಹಳದಿ ಎದೆ, ಹಸಿರು ಬಾಲ. ಕಪ್ಪು ಮಣಿ ಕಡಿಮೆ ಬಿದ್ದು ಒಂದು ಕಣ್ಣು ಕಪ್ಪು, ಇನ್ನೊಂದು ನೀಲಿ. ಅಜ್ಜಿ ಹೌಹಾರಿದಳಂತೆ. "ಲಿಂಗ ಕಟ್ಟಿದ ಮನ್ಯಾಗ ಕೋಳಿ ಯಾಕ ಬೇಕಿತ್ತವಾ? ಗಿಣಿ ಮಾಡಿದ್ರ ಆಗ್ತಿದ್ದಿಲ್ಲೇನು?" ಎಂದದ್ದಕ್ಕೆ ಅತ್ತೆ, "ಇದರ ಹೊಟ್ಯಾಗ ಹತ್ತಿ ಐತಿ, ಯಾರು ತಿಂತಾರ ಬಿಡು" ಎಂದಳಂತೆ. ಈ ಜಗಳವನ್ನು ಅಜ್ಜಿಯೇ ನನಗೆ ಎಷ್ಟೋ ಸಲ ಹೇಳಿ, ಹೇಳಿದಾಗಲೆಲ್ಲ ಹೊಸದಾಗಿ ಸಿಟ್ಟಾಗುತ್ತಿದ್ದಳು. ಲಿಂಗಸುಗೂರಿನ ಗಂಡನ ಮನೆಯಲ್ಲಿ ಹೆಂಗಸರು ಮೂಗು ಮುರಿದರು, ಆದರೆ ಮಾವ ಮಾತ್ರ ನಕ್ಕುಬಿಟ್ಟನಂತೆ. ಅತ್ತೆಯ ಗಂಡನನ್ನು ನಾನು ಮಾವ ಎನ್ನುತ್ತಿದ್ದೆ. ಅವನು ಹುಂಜವನ್ನು ಶೋಕೇಸಿನಿಂದ ತೆಗೆದು ತಮ್ಮ ಕೋಣೆಯ ಕಿಟಕಿಯಲ್ಲಿಟ್ಟು, ಇದು ಕೂಗುವತನಕ ನಾನು ಏಳುವುದಿಲ್ಲ ಎಂದು ದಿನಾ ಬೆಳಿಗ್ಗೆ ಹೊದ್ದುಕೊಂಡು ಮಲಗುತ್ತಿದ್ದನಂತೆ. ಇದನ್ನು ಅತ್ತೆ ತನ್ನ ಬಾಯಿಯಿಂದ ನನಗೆ ಹೇಳಿದ್ದು ಒಂದೇ ಸಲ. ಹೇಳುವಾಗ ಅವಳ ಕೈಯಲ್ಲಿದ್ದ ಒರೆಸುವ ಬಟ್ಟೆ ಹಾಗೇ ನಿಂತುಬಿಟ್ಟಿತ್ತು.

ಗಂಡಹೆಂಡತಿ ನಡುವೆ ಒಂದು ಬಿರುಸು ಮಾತೂ ಆಗಿರಲಿಲ್ಲ. ಕೆಟ್ಟದ್ದು ಇಬ್ಬರು ಮುದುಕರ ನಡುವೆ, ನಮ್ಮ ತಾತನಿಗೂ ಮಾವನ ಅಪ್ಪನಿಗೂ. ನಮ್ಮ ಕಡೆ ಮದುವೆಯಲ್ಲಿ ಬೀಗರಿಗೆ ಬಟ್ಟೆ ಕೊಟ್ಟು ಆಯೇರಿ ಮಾಡುತ್ತಾರಲ್ಲ, ಮಾವನ ತಮ್ಮನ ಮದುವೆಯಲ್ಲಿ ತಾತ ಬೀಗರಿಗೆ ರುಮಾಲನ್ನು ತಲೆಗೆ ಸುತ್ತದೆ ಕೈಗೆ ಕೊಟ್ಟುಬಿಟ್ಟ. ಅವಸರವಿತ್ತು, ಬಸ್ಸಿನ ಹೊತ್ತಾಗಿತ್ತು ಎಂದು ತಾತ. ಹತ್ತು ಜನರೆದುರು ನನ್ನನ್ನು ಭಿಕ್ಷುಕನ ಹಾಗೆ ಕಂಡ ಎಂದು ಅವರು. ಆ ವರ್ಷ ನಾಗರಪಂಚಮಿಗೆ ಅತ್ತೆ ತವರಿಗೆ ಬಂದವಳು ಗಂಡನ ಮನೆಯವರು ಕರೆಯಲು ಬರಲೆಂದು ಕಾದಳು. ಯಾರೂ ಬರಲಿಲ್ಲ. ಕರೆಯದೆ ಮಗಳನ್ನು ಕಳಿಸುವುದು ನಮ್ಮ ಮನೆಯ ಪದ್ಧತಿಯಲ್ಲ ಎಂದು ತಾತ ಕಂಬಕ್ಕೆ ಒರಗಿ ಕೂತ. ಮಾವ ತನ್ನ ಅಪ್ಪನಿಗೆ ಎದುರಾಡುವವನಲ್ಲ, ಅತ್ತೆಯೂ ಅಲ್ಲ. ಇಬ್ಬರು ಸಾಧು ಮನುಷ್ಯರು ಸೇರಿದರೆ ಹೀಗೇ ಆಗುತ್ತದೋ ಏನೋ. ಒಂದು ಪಂಚಮಿ ಹೋಗಿ ಇನ್ನೊಂದು ಬಂತು. ಆ ಮನೆಯವರು ಮಾವನಿಗೆ ಬೇರೆ ಹೆಣ್ಣು ನೋಡಿದರು. ಒಂದು ರುಮಾಲಿಗಾಗಿ ಒಂದು ಸಂಸಾರ ಹೋಯಿತು. ಈಗಲೂ ನನಗೆ ಆ ಇಬ್ಬರು ಮುದುಕರ ಮೇಲೆ ಸಿಟ್ಟು ಇಳಿದಿಲ್ಲ.

ದೈವದವರು, ಅಂದರೆ ಊರ ಹಿರಿಯರು ಕೂತು, ಹುಡುಗಿಯ ಸಾಮಾನು ಹುಡುಗಿಗೆ ಎಂದು ಮಾತಾಯಿತು. ಕೊಟ್ಟ ಸಾಮಾನು ಪೂರಾ ತವರಿಗೆ ಮರಳಿದರೆ ಸಂಬಂಧ ಪೂರಾ ಹರಿದ ಹಾಗೆ. ಅದಕ್ಕೆ ಕಾಗದಪತ್ರ ಬೇಕಿರಲಿಲ್ಲ, ಇದು ಎಲ್ಲರಿಗೂ ಗೊತ್ತಿದ್ದ ರೀತಿ. ಸಾಮಾನು ಗುರುತಿಸಿ ತರಲು ಅತ್ತೆಯೇ ಹೋಗಿದ್ದಳು. ಸಂಜೆಗೆ ಟ್ರ್ಯಾಕ್ಟರ್ ಬಂತು. ನಾನು ಚಿಕ್ಕವಳು. ಟ್ರಾಲಿಯಲ್ಲಿ ಹುಲ್ಲಿನ ಮೇಲೆ ಅಂಗಾತ ಮಲಗಿಸಿದ ಶೋಕೇಸು, ಅದರ ಪಕ್ಕದಲ್ಲಿ ಅದನ್ನೊಂದು ಕೈಯಿಂದ ಹಿಡಿದು ಕೂತ ಅತ್ತೆ, ಕನ್ನಡಿಯಲ್ಲಿ ಓಡುತ್ತಿದ್ದ ಬೇವಿನ ಟೊಂಗೆಗಳು, ಇಷ್ಟು ನನಗೆ ನೆನಪಿದೆ. ಭಾಂಡೆ, ಹಾಸಿಗೆ, ತಿಜೋರಿ ಎಲ್ಲ ಇಳಿದ ಮೇಲೆ ತಾತ ಹಿರಿಯರ ಮುಂದೆ ಕೇಳಿದ:

"ಎಲ್ಲಾ ಬಂತೇನವಾ?"

"ಬಂತಪ್ಪಾ" ಎಂದಳು ಅತ್ತೆ.

ಮರುದಿನ ಶೋಕೇಸು ಹೊಂದಿಸುವಾಗ ಹುಂಜ ಇಲ್ಲದ್ದನ್ನು ಅಜ್ಜಿಯೇ ಮೊದಲು ಕಂಡಳು. ಗಡಿಬಿಡಿಯಲ್ಲಿ ಬಿಟ್ಟುಬಂದಿದ್ದಾಳೆ ಎಂದು ಎಲ್ಲರೂ ತಿಳಿದರು. ಹೋದರೆ ಹೋಯಿತು ಕೋಳಿ ಎಂದು ಅಜ್ಜಿ ಒಳಗೊಳಗೇ ಖುಷಿಪಟ್ಟಳೆಂದು ನನ್ನ ಗುಮಾನಿ.

ಅಂದಿನಿಂದ ವರ್ಷ ವರ್ಷವೂ ದೀಪಾವಳಿಯ ಮುಂಚೆ ಶೋಕೇಸು ಬರಿದು ಮಾಡಿ ತುಂಬುವುದು ನಮ್ಮ ಮನೆಯಲ್ಲಿ ಹಬ್ಬದೊಳಗಿನ ಹಬ್ಬ. ಅತ್ತೆ ಒಂದೊಂದೇ ತೆಗೆದು ನನ್ನ ಕೈಗೆ ಕೊಡುತ್ತಿದ್ದಳು, ನಾನು ಚಾಪೆಯ ಮೇಲೆ ಸಾಲಾಗಿ ಇಡುತ್ತಿದ್ದೆ. ಗಾಜಿಗೆ ಒದ್ದೆ ಪೇಪರು, ಕನ್ನಡಿಗೆ ತಾತನ ಹಳೆಯ ಧೋತರದ ತುಂಡು, ಬಸವಣ್ಣನಿಗೆ ಹುಣಸೆಹಣ್ಣು. ಶಂಖವನ್ನು ಒಮ್ಮೆ ಕಿವಿಗೆ ಹಿಡಿದು ಕೇಳುವ ಪರವಾನಗಿ ನನಗಿತ್ತು. ಒಳಗೆ ಇಡುವ ಪರವಾನಗಿ ಮಾತ್ರ ಯಾರಿಗೂ ಇರಲಿಲ್ಲ. ಬಸವಣ್ಣನಿಂದ ಶುರುಮಾಡಿ ತಾನೇ ಇಡುತ್ತಾ ಬಂದು, ಎರಡು ಹೆಜ್ಜೆ ಹಿಂದೆ ಸರಿದು ಕತ್ತು ಓರೆಮಾಡಿ ನೋಡಿ, ನಾಯಿಯ ಮುರಿದ ಕಿವಿ ಕಾಣದಂತೆ ತಿರುಗಿಸಿ, ಶಂಖವನ್ನು ಒಂದು ಬೆರಳಿನಷ್ಟು ಎಡಕ್ಕೆ ಸರಿಸಿ, ಕೊನೆಗೆ ಬಲತುದಿಯ ಆ ಖಾಲಿ ಜಾಗವನ್ನು ಇನ್ನೊಮ್ಮೆ ಒರೆಸುತ್ತಿದ್ದಳು. ಬಾಗಿ ಒರೆಸುವಾಗ ಅವಳ ಮುಖ ಅಲ್ಲಿ, ನಾಯಿ ಮತ್ತು ಹೂದಾನಿಗಳ ಸಾಲಿನಲ್ಲಿ, ತಾನೂ ಒಂದು ಸಾಮಾನು ಎಂಬಂತೆ ಕಾಣುತ್ತಿತ್ತು. ಒಂದು ಸಲ ಅವ್ವ ಮಸ್ಕಿಯಿಂದ ಗಾಜಿನ ಮೀನೊಂದನ್ನು ತಂದು ಆ ಜಾಗದಲ್ಲಿಟ್ಟಳು. ಮರುದಿನ ಮೀನು ಕಪ್ಪುಗಳ ಹಿಂದೆ ಹೋಗಿತ್ತು, ಜಾಗ ಮತ್ತೆ ಖಾಲಿಯಾಗಿತ್ತು.

ಅತ್ತೆಯನ್ನು ಕಂಡರೆ ಅವ್ವನಿಗೆ ಜೀವ. ನಾದಿನಿ ಎಂದು ಆಡಿಕೊಂಡವಳಲ್ಲ. ಅವಳೇ ಒಂದು ದಿನ ಅಪ್ಪನಿಗೆ ಹೇಳಿದಳು, ಅಕ್ಕ ಆ ಹುಂಜಕ್ಕಾಗಿ ಕೊರಗುತ್ತಾಳೆ, ಬಾಯಿಬಿಟ್ಟು ಕೇಳುವವಳಲ್ಲ, ನೀವಾದರೂ ತಂದುಕೊಡಬಾರದೇ ಎಂದು. ಅಷ್ಟರಲ್ಲಿ ತಾತ ತೀರಿಕೊಂಡಿದ್ದ. ಆ ಮನೆಯ ಹೊಸ್ತಿಲು ತುಳಿಯಬೇಡ ಎನ್ನುವವರು ಯಾರೂ ಉಳಿದಿರಲಿಲ್ಲ. ಅಪ್ಪ ಅಕ್ಕನನ್ನು ತಾಯಿಗಿಂತ ಹೆಚ್ಚು ಹಚ್ಚಿಕೊಂಡವನು. ದೀಪಾವಳಿಯ ಹಿಂದಿನ ದಿನ, ಎತ್ತಿನ ಹಗ್ಗ ತರುತ್ತೇನೆಂದು ಸುಳ್ಳು ಹೇಳಿ ಮಸ್ಕಿಗೆ ಹೋದ. ಅಲ್ಲಿಂದ ಬಸ್ಸು ಬದಲಿಸಿ ಲಿಂಗಸುಗೂರಿಗೆ ಹೋಗಿ, ಅಷ್ಟು ವರ್ಷಗಳ ಬಿಗುಮಾನ ನುಂಗಿ ಆ ಮನೆಯ ಕದ ತಟ್ಟಿದ.

ನಮ್ಮಲ್ಲಿ ಹಬ್ಬದ ದಿನ ನಸುಕಿನಲ್ಲಿ ಎಣ್ಣೆ ಹಚ್ಚಿ ಎರೆದುಕೊಂಡ ಮೇಲೆ ಮನೆಯ ಹೆಣ್ಣುಮಕ್ಕಳು ಗಂಡಸರಿಗೆ ಆರತಿ ಬೆಳಗುತ್ತಾರೆ. ಬೆಳಗಿಸಿಕೊಂಡವನು ತಟ್ಟೆಗೆ ಏನಾದರೂ ಹಾಕಬೇಕು, ಹಾಕಿದ್ದನ್ನು ಬೆಳಗಿದವಳು ಬೇಡ ಎನ್ನುವಂತಿಲ್ಲ. ಅತ್ತೆ ಒದ್ದೆ ಕೂದಲಿಗೆ ಗಂಟು ಹಾಕಿಕೊಂಡು, ಹಣತೆ ಹಚ್ಚಿದ ತಟ್ಟೆ ಹಿಡಿದು ಬೆಳಗಿದಳು. ಅಪ್ಪ ಶಾಲಿನೊಳಗಿಂದ ಪೇಪರಿನ ಪೊಟ್ಟಣ ತೆಗೆದ. "ನೋಡಕ್ಕಾ, ಏನು ತಂದೀನಿ" ಎಂದು ತಾನೇ ಬಿಚ್ಚಿ ತಟ್ಟೆಯಲ್ಲಿಟ್ಟ. ಹಣತೆಯ ಬೆಳಕಿನಲ್ಲಿ ಹಳದಿ ಎದೆ, ಕೆಂಪು ಜುಟ್ಟು ಥಳಥಳ ಅಂದವು. ಅವ್ವ ನಕ್ಕಳು, ನಾನು ಚಪ್ಪಾಳೆ ತಟ್ಟಿದೆ. ಅತ್ತೆ ತಟ್ಟೆಯನ್ನು ಅಲುಗಿಸದೆ ನಿಂತಿದ್ದಳು. ಅಪ್ಪ ಉಬ್ಬಿ ಉಬ್ಬಿ ಹೇಳುತ್ತಿದ್ದ. ಹುಂಜ ಅದೇ ಕಿಟಕಿಯಲ್ಲೇ ಇತ್ತಂತೆ. ಮಾವನ ಎರಡನೆಯ ಹೆಂಡತಿ ಚಹಾ ಕೊಟ್ಟಳಂತೆ. ಕೇಳಿದ ಮೇಲೆ ಮಾವ ಎದ್ದು ಹೋಗಿ ಹುಂಜ ತಂದು, ತನ್ನ ಹೆಗಲ ಮೇಲಿನ ವಸ್ತ್ರದಿಂದ ಧೂಳು ಒರೆಸಿ, ತಾನೇ ಪೇಪರಿನಲ್ಲಿ ಸುತ್ತಿಕೊಟ್ಟನಂತೆ. ಆಕೆಯೇ ಬೇಕೆಂದಳೇ ಎಂದೊಂದು ಮಾತು ಕೇಳಿದನಂತೆ. ಹೌದು ಅಂದೆ ಎಂದ ಅಪ್ಪ.

ಅತ್ತೆ ತಟ್ಟೆಯನ್ನು ದೇವರ ಮುಂದಿಟ್ಟು ಬಂದಳು. ಹುಂಜವನ್ನು ಶೋಕೇಸಿನ ಖಾಲಿ ಜಾಗದಲ್ಲಿಟ್ಟು ಗಾಜು ಮುಚ್ಚಿದಳು. ಅದು ಕರಕರ ಅಂದು ಅರ್ಧಕ್ಕೆ ನಿಂತಿತು. ಅಲ್ಲೇ ಕೈ ಬಿಟ್ಟು, ತಿರುಗದೆ ಹೇಳಿದಳು:

"ಯಾಕ ತಂದಿ, ತಮ್ಮಾ? ಅದು ಅಲ್ಲಿ ಇರೂತನ ನಾನೂ ಅಲ್ಲಿ ಒಂಚೂರು ಇದ್ದಂಗ ಇತ್ತು."

ಅಪ್ಪನಿಗೆ ಮೊದಲು ತಿಳಿಯಲಿಲ್ಲ, ಆಮೇಲೆ ತಿಳಿಯಿತು. ಅವಳು ಮರೆತು ಬಂದಿರಲಿಲ್ಲ, ಇಟ್ಟು ಬಂದಿದ್ದಳು. ಮಾವ ಮತ್ತೆ ಬಂದು ಕರೆಯುತ್ತಾನೆಂಬ ಆಸೆಯೇನೂ ಅವಳಿಗಿದ್ದಿಲ್ಲ. ಅವನಿಗೆ ಮಕ್ಕಳಾಗಿದ್ದು, ಹೊಲ ಕೊಂಡದ್ದು ಎಲ್ಲ ಅವಳಿಗೆ ಗೊತ್ತಿತ್ತು. ಪೂರಾ ಹರಿಯಲಿಲ್ಲ ಎಂಬ ಒಂದೇ ಸಮಾಧಾನ ಆ ಕಿಟಕಿಯಲ್ಲಿ ಕೂತಿತ್ತು. ಅದನ್ನು ನಾವು ಪ್ರೀತಿಯಿಂದ, ಹಬ್ಬದ ದಿನ, ಆರತಿ ತಟ್ಟೆಯಲ್ಲಿ ಹಾಕಿ ಮುಗಿಸಿದ್ದೆವು. ಎಲ್ಲಕ್ಕಿಂತ ಅಪ್ಪನನ್ನು ಸುಟ್ಟದ್ದು ಅವನೇ ಹೇಳಿದ ಆ ಹೌದು. ಇಷ್ಟು ವರ್ಷ ಕಿಟಕಿಯಲ್ಲಿಟ್ಟುಕೊಂಡವನಿಗೆ ಆಕೆಯೇ ವಾಪಸು ಕೇಳಿದಳು ಎಂದು ಹೇಳಿಬಂದಂತಾಯಿತಲ್ಲ. ಮತ್ತೆ ಹೋಗಿ ತಿದ್ದಿಬರುತ್ತೇನೆಂದು ಚಪ್ಪಲಿ ಮೆಟ್ಟಿದ. ಅತ್ತೆಯೇ ಕೈ ಹಿಡಿದು ಕೂರಿಸಿ ಹೋಳಿಗೆ ಬಡಿಸಿದಳು. ಆ ಮೇಲಿನ ದೀಪಾವಳಿಗಳಲ್ಲಿ ಶೋಕೇಸು ಹೊಂದಿಸುವ ಕೆಲಸ ನನ್ನ ಪಾಲಿಗೆ ಬಂತು. ಅತ್ತೆ ದೂರ ಕೂತು ಹತ್ತಿಬತ್ತಿ ಹೊಸೆಯುತ್ತಾ, ಎಲ್ಲಾದರೂ ಇಡವಾ, ಎಲ್ಲಿಟ್ಟರೇನು ಎನ್ನುತ್ತಿದ್ದಳು. ಅಷ್ಟು ದಿನ ಕಾಡಿಬೇಡಿದ ಪರವಾನಗಿ ಸಿಕ್ಕಾಗ ನನಗೆ ಒಂದಿಷ್ಟೂ ಸಂತೋಷವಾಗಲಿಲ್ಲ.

ಅಜ್ಜಿ ಹೋದಳು. ಅಪ್ಪ ಹೋದ, ಅವನ ಹಿಂದೆ ಅವ್ವ. ನನಗೆ ಸಿಂಧನೂರಿನಲ್ಲಿ ಸರಕಾರಿ ನೌಕರಿ. ಮದುವೆಯ ಮಾತು ಬಂದಾಗಲೆಲ್ಲ ಏನೋ ಒಂದು ಅಡ್ಡ ಬಂದು, ಕೊನೆಗೆ ಮಾತೇ ಬರುವುದು ನಿಂತಿತು. ಬಳಗಾನೂರಿನ ಮನೆಯನ್ನು ಪಕ್ಕದ ಕಿರಾಣಿ ಅಂಗಡಿಯ ಗೌರಮ್ಮನ ಮನೆಯವರಿಗೆ ಕೊಟ್ಟು, ಅತ್ತೆಯನ್ನು ನನ್ನ ಜೊತೆ ಕರೆತಂದೆ. ಶೋಕೇಸಿನ ಸಾಮಾನನ್ನೆಲ್ಲ ಹಳೆಯ ಸೀರೆಗಳಲ್ಲಿ ಸುತ್ತಿ ಅತ್ತೆಯೇ ಡಬ್ಬಕ್ಕೆ ತುಂಬಿದಳು. ಟೆಂಪೊ ಹೊರಡುವಾಗ, ಒಂದು ನಿಮಿಷ ಎಂದು ಒಳಗೆ ಹೋದವಳು ತುಸು ತಡಮಾಡಿ ಬಂದಳು. ನಾನು ಅವಸರದಲ್ಲಿದ್ದೆ, ಹಿಂದಿನ ಯಾವ ಮಾತೂ ತಲೆಯಲ್ಲಿರಲಿಲ್ಲ.

"ಎಲ್ಲಾ ಬಂತೇನತ್ತಿ?" ಎಂದೆ.

"ಬಂತವಾ" ಎಂದಳು.

ಸಿಂಧನೂರಿಗೆ ಬಂದ ಮೊದಲ ವಾರವೇ ಅತ್ತೆ, ನಾ ಇಡ್ತೀನಿ, ನೀ ಆಚಿಗೆ ಸರಿ ಎಂದು ಸೆರಗು ಸಿಗಿಸಿ ಶೋಕೇಸಿನ ಮುಂದೆ ಕೂತಳು. ಎಷ್ಟು ವರ್ಷಗಳ ಮೇಲೆ! ನಾನು ಹಳೆಯ ಹಾಗೆ ಒಂದೊಂದೇ ಬಿಚ್ಚಿ ಕೈಗೆ ಕೊಟ್ಟೆ. ಬಸವಣ್ಣ, ಕಪ್ಪುಗಳು, ನಾಯಿ, ಶಂಖ. ಡಬ್ಬ ಬರಿದಾಯಿತು. ಬಲಗಡೆಯ ಕೊನೆಗೆ ಒಂದು ಲೋಟದಷ್ಟು ಜಾಗ ಖಾಲಿ ಉಳಿಯಿತು. ಅತ್ತೆ ಬಾಗಿ ಅದನ್ನು ಇನ್ನೊಮ್ಮೆ ಒರೆಸಿದಳು. ಕನ್ನಡಿಯಲ್ಲಿ ಅವಳ ಕಣ್ಣುಗಳು ನನ್ನ ಕಣ್ಣಿಗೆ ಸಿಕ್ಕವು. ನಾನು ಬರಿದಾದ ಡಬ್ಬ ಮುಚ್ಚಿ ಮೂಲೆಗಿಟ್ಟೆ. ಅವಳು ಬದುಕಿರುವತನಕ ಆ ಜಾಗ ಹಾಗೇ ಇತ್ತು, ಅವಳು ಹೋದ ಮೇಲೂ ಹಾಗೇ ಇದೆ. ಆಫೀಸಿನಿಂದ ಬಂದು ಕದ ತೆಗೆದರೆ ಈ ಮನೆಯಲ್ಲಿ ಮಾತಿಗೆ ಯಾರೂ ಇಲ್ಲ. ಚಹಾ ಹಿಡಿದುಕೊಂಡು ಶೋಕೇಸಿನ ಎದುರು ಕೂರುತ್ತೇನೆ. ಕಪ್ಪುಗಳು ಇಂದಿಗೂ ಎರಡೆರಡಾಗಿ ಕಾಣುತ್ತವೆ. ಆ ಕಪ್ಪುಗಳಲ್ಲಿ ಚಹಾ ಕುಡಿಯುವ ಧೈರ್ಯ ನನಗೂ ಬಂದಿಲ್ಲ.

ಈ ವರ್ಷ ಗಾಜು ಸರಿಸಿ ಎಲ್ಲ ಒರೆಸಿ ಇಡುತ್ತಿರುವಾಗಲೇ ಗೌರಮ್ಮನ ಫೋನು ಬಂತು. ಮನೆ ಕೊಂಡ ಮೇಲೆ ಅವಳು ಫೋನು ಮಾಡಿದ್ದೇ ಅಪರೂಪ. ನಮ್ಮ ನಡುಮನೆಯನ್ನು ಅಂಗಡಿಗೆ ಸೇರಿಸಿಕೊಂಡಿದ್ದಾರೆ, ಕಂಬ ತೆಗೆಸಿದ್ದಾರೆ ಎಂದು ಯಾರೋ ಹೇಳಿದ್ದನ್ನು ಕೇಳಿದ್ದೆ, ಹೋಗಿ ನೋಡುವ ಮನಸ್ಸಾಗಿರಲಿಲ್ಲ.

"ಅಕ್ಕಾರ, ಬಣ್ಣ ಹಚ್ಚಸಾಕತ್ತೀವ್ರಿ. ಒಳಗಿನ ಖೋಲ್ಯಾಗಿನ ಚೀಲ ಸರಿಸಿದ್ರ, ಗ್ವಾಡಿ ಗೂಡಿನ್ಯಾಗ ಮಣೀದೊಂದು ಹುಂಜ ಸಿಕ್ಕೈತ್ರಿ. ಒಂದು ಕಣ್ಣು ಕರೀದು, ಒಂದು ನೀಲಿ. ನಿಮ್ದ ಇರಬೇಕು. ನಾಳಿ ನಮ್ಮನಿಯವ್ರು ಸಿಂಧನೂರಿಗೆ ಬರ್ತಾರ, ಕೊಟ್ಟು ಕಳಸ್ಲೇನ್ರಿ?"

ಒಳ್ಳೆಯ ಮನಸ್ಸಿನ ಹೆಂಗಸು. ಅಪ್ಪನ ಹಾಗೆಯೇ. ನಾನು ಶೋಕೇಸಿನ ಬಲತುದಿ ನೋಡುತ್ತಾ ಕೂತೆ. ಲೈನು ಹೋಯಿತೆಂದು ಅವಳು ಹಲೋ ಹಲೋ ಎನ್ನುತ್ತಿದ್ದಳು.

"ನಮ್ದ ರೀ" ಎಂದೆ. "ಕಳಿಸಬ್ಯಾಡ್ರಿ. ಒಂಚೂರು ಜಾಗ ಮಾಡಿ ಅಲ್ಲೇ ಇಟ್ಕೋರಿ."

ಗೌರಮ್ಮನಿಗೆ ಏನು ತಿಳಿಯಿತೋ, ಏನು ಬಿಟ್ಟಿತೋ. ಆಗಲಿ ಅಕ್ಕಾರ, ಬಣ್ಣ ಒಣಗಿದ ಮೇಲೆ ಅದೇ ಗೂಡಿನಲ್ಲಿಡುತ್ತೇನೆ, ಹುಡುಗರ ಕೈಗೆ ಸಿಗುವುದಿಲ್ಲ ಎಂದಳು. ಫೋನು ಇಟ್ಟು, ಕೊನೆಯ ಹೂದಾನಿಯನ್ನು ಅದರ ಜಾಗದಲ್ಲಿಟ್ಟೆ. ಬಲತುದಿಗೆ ಬಾಗಿ ಒರೆಸಿದೆ. ಕನ್ನಡಿಯಲ್ಲಿ ನನ್ನ ಮುಖ ಬಂತು, ವಯಸ್ಸಾದ ಮೇಲೆ ಅದು ಥೇಟು ಅತ್ತೆಯ ಮುಖವೇ ಆಗಿದೆ. ಗಾಜು ಮುಚ್ಚಲು ಹೋದರೆ ಅರ್ಧಕ್ಕೆ ನಿಂತಿತು. ನಾನು ಮೋಂಬತ್ತಿಯ ತುಂಡು ಹುಡುಕಲು ಎದ್ದೆ.